ಸ್ಪ್ರಿಂಗಣ್ಣ ಮಲಗಿ ಬಂದ ಲಾಡ್ಜುಗಳು

ಸ್ಪ್ರಿಂಗಣ್ಣ ಸುಳ್ಳುಗಾರನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಅವನು ಬಾಯಿ ಬಿಟ್ಟಾಗಲೆಲ್ಲ ನಿಮಗೆ ಅನುಮಾನ ಬರುತ್ತದೆ. "ಆ ಕಾಡಿನ ಸುತ್ತ ಇರೋ ಒಂದೊಂದು ಲಾಡ್ಜಲ್ಲೂ, ಒಂದೊಂದು ಮಂಚದ ಮೇಲೂ ನಾನು ಮಲಗಿದ್ದೀನಿ" ಎಂದು ಅವನು ಮೊದಲ ಸಲ ಹೇಳಿದಾಗ ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮಲಗಿದ್ದ ಮಹಾರಾಯ.

ಅವನು ಕೆಲಸಕ್ಕಿದ್ದದ್ದು ಒಂದು ಹಾಸಿಗೆ ಅಂಗಡಿಯಲ್ಲಿ. ಅಂಗಡಿಯ ಯಜಮಾನರದ್ದು ಒಂದು ಕಟ್ಟುನಿಟ್ಟಿನ ಪದ್ಧತಿ. ಹಾಸಿಗೆಯನ್ನು ಗಿರಾಕಿಯ ಮಂಚಕ್ಕೆ ಹಾಕಿದ ಕೂಡಲೇ ಅಂಗಡಿಯವನು ಗಿರಾಕಿಯ ಎದುರೇ ಅದರ ಮೇಲೆ ಮಲಗಬೇಕು. ಎಡಕ್ಕೊಮ್ಮೆ ಹೊರಳಬೇಕು, ಬಲಕ್ಕೊಮ್ಮೆ ಹೊರಳಬೇಕು, ಎದ್ದು ನಿಂತು "ಓಕೆ" ಅನ್ನಬೇಕು. ಆಮೇಲೆ ಹಾಸಿಗೆ ತಗ್ಗಿದೆ, ಉಬ್ಬಿದೆ ಎಂದು ಯಾರೂ ತಕರಾರು ತೆಗೆಯುವ ಹಾಗಿಲ್ಲ. ದೂರದ ಆ ರಾಷ್ಟ್ರೀಯ ಉದ್ಯಾನದ ಅಂಚಿನ ಲಾಡ್ಜು, ರೆಸಾರ್ಟು, ಟೆಂಟ್ ಕ್ಯಾಂಪುಗಳಿಗೆಲ್ಲ ಹಾಸಿಗೆ ಹೋಗುತ್ತಿದ್ದದ್ದು ಈ ಅಂಗಡಿಯಿಂದಲೇ. ಸ್ಪ್ರಿಂಗಣ್ಣ ಬೆಳಕು ಹರಿಯುವ ಮುನ್ನ ಟೆಂಪೋ ಹತ್ತಿ ಹೋಗಿ, ಮಟಮಟ ಮಧ್ಯಾಹ್ನ, ಪ್ಲಾಸ್ಟಿಕ್ ಕವರು ಕೂಡ ತೆಗೆಯದ ಹಾಸಿಗೆಗಳ ಮೇಲೆ ಬೂಟು ಹಾಕಿಕೊಂಡೇ ಹೊರಳಿ, "ಓಕೆ, ಓಕೆ, ಓಕೆ" ಎಂದು ಹೇಳಿ, ಅದೇ ಟೆಂಪೋದಲ್ಲಿ ರಾತ್ರಿ ಊಟಕ್ಕೆ ಮನೆಗೆ ಬಂದುಬಿಡುತ್ತಿದ್ದ. ಕಾಡಿನಲ್ಲಿ ಒಂದು ರಾತ್ರಿಯಿರಲಿ, ಒಂದು ಸಂಜೆಯನ್ನೂ ಅವನು ಕಂಡವನಲ್ಲ. ಆದರೆ ಅದನ್ನು ಯಾರೂ ಕೇಳಲಿಲ್ಲ, ಅವನು ಹೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವಷ್ಟು ದಡ್ಡ ಯಾರಿದ್ದಾನೆ ಹೇಳಿ?

ಹೀಗಾಗಿ ಅವರ ವಠಾರದಲ್ಲಿ ಅವನು ಕಾಡಿನ ವಿಷಯಕ್ಕೆ ದೊಡ್ಡ ಮನುಷ್ಯನಾದ. ಕೆಳಗಿನ ಮನೆಯ ರಿಟೈರ್ಡ್ ಹೆಡ್‌ಮಾಸ್ಟರು ಪ್ರವಾಸ ಹೊರಡುವ ಮೊದಲು ಇವನನ್ನೇ ಕರೆಸಿದರು. "ಏನಯ್ಯಾ, ಗೇಟ್ ಹತ್ರ ಇರೋ ಲಾಡ್ಜು ಒಳ್ಳೇದೋ, ಹೊಳೆ ಆಚೆ ಇರೋ ರೆಸಾರ್ಟೋ?"

"ಗೇಟ್ ಹತ್ರದ್ದು ಗಟ್ಟಿ ಸರ್. ಬೆನ್ನುನೋವಿನೋರಿಗೆ ಹೇಳಿ ಮಾಡಿಸಿದ್ದು. ರೆಸಾರ್ಟು ಸ್ವಲ್ಪ ಮೆತ್ತಗೆ, ಒಳಗೆ ಹೂತ್ಕೊಂಡು ಹೋಗ್ತೀರಿ. ಟೆಂಟ್ ಕ್ಯಾಂಪು ಮಧ್ಯಮ."

ಹೆಡ್‌ಮಾಸ್ಟರು ಹೋಗಿ ಬಂದು ಬಾಯ್ತುಂಬ ಹೊಗಳಿದರು. "ಎಂಥಾ ಜಾಗ ತೋರ್ಸಿದ್ಯೋ ಮಾರಾಯ! ರಾತ್ರಿ ಊಟ ಆದ್ಮೇಲೆ ವರಾಂಡದಲ್ಲಿ ಕೂತು ಇಡೀ ಪೇಪರ್ ಓದಿ ಮುಗಿಸ್ದೆ, ಕಾಡಿನ ಮಧ್ಯ!" ಸ್ಪ್ರಿಂಗಣ್ಣ ಗಂಭೀರವಾಗಿ ತಲೆಯಾಡಿಸಿದ. ಕಾಡಿನ ಮಧ್ಯೆ ರಾತ್ರಿ ಪೇಪರ್ ಓದಿದ್ದು ಹೇಗೆ ಎಂಬ ಪ್ರಶ್ನೆ ಅವನ ತಲೆಗೆ ಬರಲಿಲ್ಲ. ಬಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಇನ್ನು ಅವನ ಮಾವನ ವಿಷಯ. ಹೆಂಡತಿಯ ಅಪ್ಪ; ಜೀವಮಾನವೆಲ್ಲ ಲೈನ್‌ಮನ್ ಆಗಿ ದುಡಿದವರು. ಊರಿನ ಅರ್ಧ ಬೀದಿದೀಪಗಳಿಗೆ ಬಲ್ಬು ಸಿಕ್ಕಿಸಿದ ಕೈ ಅದು. ಅವರಿಗೆ ಅಳಿಯನನ್ನು ಕಂಡರೆ ಅಷ್ಟಕ್ಕಷ್ಟೆ. "ನಾನು ಕಂಬ ಹತ್ತಿ ಸಂಪಾದಿಸ್ದೆ, ನನ್ನ ಅಳಿಯ ಮಲ್ಕೊಂಡು ಸಂಪಾದಿಸ್ತಾರೆ" ಎಂದು ಸಿಕ್ಕವರ ಮುಂದೆಲ್ಲ ಹೇಳುತ್ತಿದ್ದರು. ಮದುವೆಯಾದಾಗಿನಿಂದ ಅಳಿಯನನ್ನು "ನೀವು" ಎಂದೇ ಮಾತಾಡಿಸಿದ್ದು. ಆ "ನೀವು" ಮರ್ಯಾದೆಯದ್ದಲ್ಲ, ಬಾಗಿಲಾಚೆ ನಿಲ್ಲಿಸುವಂಥದ್ದು.

ಅಂಥ ಮಾವ ಹಾಸಿಗೆ ಹಿಡಿದರು. ಎದೆ ಕೈಕೊಟ್ಟಿತ್ತು. ನಾಲ್ಕು ಮಾತಾಡಿದರೆ ಏದುಸಿರು. ಮಗಳು ತನ್ನ ಮನೆಗೇ ಕರೆತಂದು ಬೀದಿ ಕಡೆಯ ಕೋಣೆಯಲ್ಲಿ ಮಲಗಿಸಿದಳು. ಡಾಕ್ಟರು ಬಂದು ನೋಡಿ, ಸ್ಟೆತೊಸ್ಕೋಪು ಮಡಿಚಿ, "ಅವರಿಗೆ ಏನಿಷ್ಟಾನೋ ಕೊಡಿ, ಪಥ್ಯಗಿಥ್ಯ ಬೇಡ" ಎಂದು ಮೆಲ್ಲಗೆ ಹೇಳಿದರು.

ಮಾವನ ಕಿವಿ ಚುರುಕು. ಡಾಕ್ಟರು ಮೆಟ್ಟಿಲಿಳಿಯುವ ಮೊದಲೇ ಮಗಳನ್ನು ಕೂಗಿದರು. "ಬದುಕೋನಿಗೆ ಉಪ್ಪು ಬಿಡು, ಎಣ್ಣೆ ಬಿಡು ಅಂತಾರೆ. ನನಗೆ ಏನು ಬೇಕಾದ್ರೂ ತಿನ್ನು ಅಂದ್ರಲ್ಲ. ಆಯ್ತು ಬಿಡು, ಗೊತ್ತಾಯ್ತು."

ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಅಪ್ಪಾ, ಹಾಗೆಲ್ಲ ಅನ್ಬೇಡ. ನಿನಗೇನು ಬೇಕು ಹೇಳು."

"ಕತ್ತಲೆ ಬೇಕು" ಅಂದರು ಮಾವ.

ವಠಾರಕ್ಕೆ ವಠಾರವೇ ಈ ಮಾತಿಗೆ ತಲೆ ಕೆಡಿಸಿಕೊಂಡಿತು. ಹೆಡ್‌ಮಾಸ್ಟರು ಇದರಲ್ಲಿ ದೊಡ್ಡ ತತ್ವವಿದೆ ಎಂದು ಅದನ್ನು ಬಿಡಿಸಿ ಹೇಳಲು ಕುಳಿತರು. ಮಾವ ಕಣ್ಣು ಮುಚ್ಚಿ ಗೊರಕೆ ಹೊಡೆದರು. ಮೇಲಿನ ಮನೆಯ ಟೈಲರು, "ಅಷ್ಟೇ ತಾನೆ?" ಎಂದು ಕಪ್ಪು ಕೋಟಿನ ಬಟ್ಟೆಯಲ್ಲಿ ಎರಡು ಪದರದ ಪರದೆ ಹೊಲಿದು ತಂದ. ಸ್ಪ್ರಿಂಗಣ್ಣ ಅಂಗಡಿಯಿಂದ ಒಂದು ಡಬಲ್ ಹಾಸಿಗೆ ಹೊತ್ತು ತಂದು ಕಿಟಕಿಗೆ ಒರಗಿಸಿದ. ಬಾಗಿಲ ಸಂದಿಗೆ ಟವೆಲು ತುರುಕಿದರು. ಎಲ್ಲರೂ ಕೋಣೆಯೊಳಗೆ ಉಸಿರು ಕಟ್ಟಿ ನಿಂತು, "ಈಗ ಆಯ್ತಾ ಅಜ್ಜಾರೇ?" ಎಂದು ಕೇಳಿದರು.

ಕತ್ತಲೊಳಗಿಂದ ಮಾವನ ದನಿ ಬಂತು. "ನನ್ನ ಈಗ್ಲೇ ಪೆಟ್ಟಿಗೇಲಿ ಹಾಕಿದ್ದೀರಲ್ರೋ. ಇದು ಕತ್ತಲೆ ಅಲ್ಲ, ಮುಚ್ಚಿದ ಕೋಣೆ. ತೆಗೀರಿ ಅದನ್ನ."

ಹಾಸಿಗೆ ತೆಗೆದರೆ ಕಿಟಕಿಯಾಚೆಯ ಬೀದಿದೀಪ ನೇರ ಅವರ ಮುಖಕ್ಕೆ ಹೊಡೆಯಿತು. "ಆ ಕಂಬ ನೆಟ್ಟಿದ್ದೂ ನಾನೇ" ಎಂದರು ಮಾವ. ಆಮೇಲೆ, ಉಸಿರು ಎಳೆದೆಳೆದು, ಮಗಳಿಗೆ ಮಾತ್ರ ಎಂಬಂತೆ ಹೇಳಿದರು: "ನಾನು ಚಿಕ್ಕೋನಿದ್ದಾಗ ನಮ್ಮೂರಿಗೆ ಕರೆಂಟಿರ್ಲಿಲ್ಲ ಕಣಮ್ಮ. ಅಪ್ಪ ನಾನು ಹೊರಗೆ ಮಲಗ್ತಿದ್ವಿ. ಮೇಲೆ ನೋಡಿದ್ರೆ ರಾಶಿ ರಾಶಿ ಚುಕ್ಕಿ. ದೊಡ್ಡೋನಾದ್ಮೇಲೆ ಆ ಊರಿಗೆ ಮೊದಲ್ನೇ ದೀಪ ಹಾಕೋಕೆ ನನ್ನನ್ನೇ ಕಳಿಸಿದ್ರು. ಹಾಕಿ ಬಂದೆ. ಆಮೇಲೆ ನಾನು ಅಂಥ ಆಕಾಶ ನೋಡೇ ಇಲ್ಲ. ಒಂದೇ ಒಂದು ಸಲ ಅದರ ಕೆಳಗೆ ಮಲಗಬೇಕು. ಅಷ್ಟೇ."

ಇಂಥ ಹೊತ್ತಲ್ಲಿ ಸುಮ್ಮನಿರುವುದೊಂದೇ ದಾರಿ. ಆದರೆ ಹೆಡ್‌ಮಾಸ್ಟರು ಸ್ಪ್ರಿಂಗಣ್ಣನ ಬೆನ್ನು ತಟ್ಟಿದರು. "ಇದಕ್ಯಾಕೆ ಚಿಂತೆ? ಕಾಡನ್ನ ಅರೆದು ಕುಡಿದೋನು ನಿಮ್ಮ ಅಳಿಯಾನೇ ಇದ್ದಾನಲ್ಲ!"

ಎಲ್ಲರ ಕಣ್ಣೂ ಅವನ ಮೇಲೆ ಬಿತ್ತು. ಮಾವನ ಕಣ್ಣೂ ಬಿತ್ತು. ಮದುವೆಯಾದಾಗಿನಿಂದ ಆ ಕಣ್ಣಿನಲ್ಲಿ ಅವನು ಕಾಣದೇ ಇದ್ದ ಒಂದು ಆಸೆ ಅಲ್ಲಿ ಕಂಡಿತು. ಅಷ್ಟು ಸಾಕಾಯಿತು ನಮ್ಮವನಿಗೆ, ನಾಲಿಗೆ ಲಗಾಮು ಕಿತ್ತುಕೊಂಡಿತು. "ಅಯ್ಯೋ ಮಾವ, ಅಲ್ಲಿಯ ಕತ್ತಲೆ ಅಂದ್ರೆ ಕತ್ತಲೆ! ಕಣ್ಣೆದುರಿಗೆ ಕೈ ಹಿಡಿದ್ರೆ ಕೈ ಕಾಣ್ಸಲ್ಲ. ನಾನು ಎಷ್ಟೋ ರಾತ್ರಿ ಮಂಚದಿಂದ ಎದ್ದು ಚಪ್ಪಲಿ ಸಿಗದೆ ಒದ್ದಾಡಿದ್ದೀನಿ!"

ಆ ರಾತ್ರಿಗಳಲ್ಲೆಲ್ಲ ಅವನಿಗೆ ಅನ್ನ ಬಡಿಸಿದ್ದ ಹೆಂಡತಿ ಅಲ್ಲೇ ಬಾಗಿಲಲ್ಲಿ ನಿಂತಿದ್ದಳು. ಒಂದು ಕ್ಷಣ ಗಂಡನ ಮುಖ ನೋಡಿದಳು. ಒಳಗೆ ಹೋಗಿ ಬಟ್ಟೆ ಕಟ್ಟತೊಡಗಿದಳು.

*

ವ್ಯಾನಿನ ಸೀಟುಗಳನ್ನು ಬಿಚ್ಚಿ, ಹಿಂದೆ ಹಾಸಿಗೆ ಹಾಸಿ, ಮಾವನನ್ನು ಮಲಗಿಸಿಕೊಂಡು ಹೊರಟರು. ಡ್ರೈವರು ಬಾಯಿ ಮುಚ್ಚದ ಆಸಾಮಿ. "ಕತ್ತಲೆ ನೋಡೋಕೆ ಇಷ್ಟು ದೂರ ಹೋಗ್ತಿರೋರನ್ನ ನಾನು ಇದೇ ಮೊದಲು ನೋಡ್ತಿರೋದು. ಕಣ್ಣು ಮುಚ್ಚಿದ್ರೆ ಆಗಲ್ವಾ ಯಜಮಾನ್ರೇ?"

"ಅದಕ್ಕೂ ಟೈಮ್ ಬರ್ತಾ ಇದೆ, ತಡಿಯಪ್ಪಾ" ಎಂದರು ಮಾವ. ಡ್ರೈವರು ಆಮೇಲೆ ಕಾಡು ಬರುವವರೆಗೂ ತುಟಿ ಬಿಚ್ಚಲಿಲ್ಲ.

ಗೇಟಿನ ಹತ್ತಿರದ ಲಾಡ್ಜು ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಮರಗಳ ಹಿಂದೆ ಆಕಾಶ ನೀಲಿಯಿಂದ ಕಪ್ಪಿಗೆ ತಿರುಗುತ್ತಿತ್ತು. ಮಾವ ಕಿಟಕಿಗೆ ಮುಖ ಆನಿಸಿ ಕಾಯುತ್ತಿದ್ದರು. ಸ್ಪ್ರಿಂಗಣ್ಣ ಇಳಿದು, "ಇನ್ನೇನು ಮಾವ, ಈಗ ಶುರುವಾಗುತ್ತೆ ನೋಡಿ" ಎಂದು ತನ್ನದೇ ಕಾಡು ಎಂಬ ಹಾಗೆ ಕೈ ಚಾಚಿದ. ಕೈ ಇನ್ನೂ ಗಾಳಿಯಲ್ಲಿತ್ತು, ಝಗ್ಗನೆ ದೀಪಗಳು ಹತ್ತಿಕೊಂಡವು. ಕಾಂಪೌಂಡಿನ ಉದ್ದಕ್ಕೂ, ಮಾಳಿಗೆಯ ನಾಲ್ಕು ಮೂಲೆಗೂ, ನೀರಿನ ಟ್ಯಾಂಕಿನ ಮೇಲೂ. ಅಂಗಳದ ಇರುವೆಯ ನೆರಳು ಕೂಡ ಎಣಿಸಬಹುದಿತ್ತು.

ಮ್ಯಾನೇಜರು ಓಡಿ ಬಂದ. "ಓಹೋ, ಹಾಸಿಗೆಯವ್ರು! ಏನ್ ಸಾರ್, ಇದೇ ಮೊದಲ್ನೇ ಸಲ ರಾತ್ರಿ ಉಳ್ಕೊಳ್ತಾ ಇರೋದು..."

ಸ್ಪ್ರಿಂಗಣ್ಣನಿಗೆ ತಕ್ಷಣ ಭಯಂಕರ ಕೆಮ್ಮು ಬಂತು. ಮಾವನಿಗಿಂತ ಜೋರಾಗಿ ಕೆಮ್ಮಿದ. ಕೆಮ್ಮುತ್ತಲೇ ಮ್ಯಾನೇಜರನ್ನು ಕಂಬದ ಮರೆಗೆ ಎಳೆದುಕೊಂಡು ಹೋಗಿ, "ಈ ದೀಪಗಳನ್ನ ಆರಿಸಿ ಮಹಾರಾಯ್ರೇ" ಎಂದು ಗೋಗರೆದ.

"ಆರಿಸೋದಾ? ಆನೆ ಬರುತ್ತೆ ಸಾರ್! ದೀಪ ಕಂಡ್ರೆ ಅವು ಹತ್ರ ಸುಳಿಯಲ್ಲ. ಇದು ಸರೌಂಡಿಂಗ್ ಲೈಟಿಂಗ್ ಅಂತ ಬೋರ್ಡಲ್ಲೇ ಬರೆಸಿದ್ದೀವಿ. ನಿಮ್ಮೂರಿನ ಹೆಡ್‌ಮಾಸ್ಟ್ರು ಒಬ್ರು ಬಂದಿದ್ರಲ್ಲ, ವರಾಂಡದಲ್ಲಿ ಪೇಪರ್ ಓದಿ ಎಷ್ಟು ಖುಷಿಪಟ್ರು!"

ಸ್ಪ್ರಿಂಗಣ್ಣ ಇಂಗು ತಿಂದ ಮಂಗನ ಹಾಗೆ ವ್ಯಾನಿಗೆ ವಾಪಸು ಬಂದ. "ಇಲ್ಲಿ ಹೊಸದಾಗಿ ದೀಪ ಹಾಕಿಬಿಟ್ಟಿದ್ದಾರೆ ಮಾವ. ಹೋದ್ಸಲ ಇರ್ಲಿಲ್ಲ."

ಮಾವ ಕಿಟಕಿಯಿಂದ ಒಂದು ದೀಪವನ್ನು ದಿಟ್ಟಿಸಿ ನೋಡಿದರು. "ಅದರ ಬ್ರಾಕೆಟ್ ತುಕ್ಕು ಹಿಡಿದು ಉದುರ್ತಾ ಇದೆ. ಹೊಸದಾ? ಹುಂ. ನಡೀರಿ ಮುಂದೆ."

ಹೊಳೆಯಾಚೆಯ ರೆಸಾರ್ಟಿನಲ್ಲಿ ಮರ ಮರಕ್ಕೂ ಬಣ್ಣದ ಬಲ್ಬಿನ ಸರ ಸುತ್ತಿದ್ದರು. ಕೆಂಪು ಆರಿ ಹಸಿರು, ಹಸಿರು ಆರಿ ನೀಲಿ. ಮೈಕಿನಲ್ಲಿ ಹಾಡು ಬೇರೆ. ಮಾವ, "ಮರಗಳಿಗೆ ಏನು ಕಾಯಿಲೆಯಮ್ಮಾ?" ಎಂದು ಮಗಳನ್ನು ಕೇಳಿದರು. ಕೌಂಟರಿನ ಹುಡುಗಿ ಮಾತ್ರ ಬಹಳ ನಯವಂತೆ. "ಕತ್ತಲೆ ಬೇಕಾ ಸಾರ್? ನಮ್ಮಲ್ಲಿ ಡಾರ್ಕ್ ಎಕ್ಸ್‌ಪೀರಿಯೆನ್ಸ್ ಅಂತಾನೇ ಪ್ಯಾಕೇಜ್ ಇದೆ. ಎ.ಸಿ. ಹಾಲು. ಸ್ಪೀಕರಲ್ಲಿ ಜೀರುಂಡೆ ಸದ್ದು, ಸೀಲಿಂಗಲ್ಲಿ ಚುಕ್ಕಿ. ಮಧ್ಯದಲ್ಲಿ ಐಸ್‌ಕ್ರೀಮ್ ಕೂಡ ಕೊಡ್ತೀವಿ."

"ಹೊರಗೆ ನಿಜವಾದದ್ದು ಇದೆಯಲ್ಲಮ್ಮಾ" ಎಂದಳು ಸ್ಪ್ರಿಂಗಣ್ಣನ ಹೆಂಡತಿ.

"ಹೊರಗೆ ಸೊಳ್ಳೆ ಇರುತ್ತೆ ಮೇಡಂ" ಎಂದಳು ಹುಡುಗಿ, ನಿಜವಾದ ಕಳಕಳಿಯಿಂದ.

ಅಲ್ಲಿಂದ ಮುಂದಿದ್ದದ್ದು ಅರಣ್ಯ ಇಲಾಖೆಯ ಬಂಗಲೆ. ಕಾಡಿನ ಒಳಗಡೆ, ಕರೆಂಟೇ ಇಲ್ಲದ್ದು. ಡ್ರೈವರು ಇದನ್ನು ನೆನಪಿಸಿದಾಗ ಸ್ಪ್ರಿಂಗಣ್ಣನಿಗೆ ಹೋದ ಜೀವ ಬಂದಂತಾಯಿತು. ಆದರೆ ಅಡ್ಡಗಂಬದ ಮುಂದೆ ಗಾರ್ಡು ಕುರ್ಚಿ ಹಾಕಿಕೊಂಡು ಕೂತಿದ್ದ.

"ಕತ್ತಲಾದ್ಮೇಲೆ ಒಳಗೆ ಪ್ರಾಣಿಗಳಿಗೆ ಮಾತ್ರ ಪ್ರವೇಶ. ರಸ್ತೇಲೂ ಗಾಡಿ ನಿಲ್ಸೋ ಹಾಗಿಲ್ಲ."

"ಬಂಗಲೆ ಖಾಲಿ ಇದೆಯಲ್ಲ ಸ್ವಾಮಿ!"

"ಖಾಲಿ ಇದೆ. ಸಾಹೇಬ್ರ ಪರ್ಮಿಷನ್ ಬೇಕು. ಸಾಹೇಬ್ರು ರಜೆ."

"ಒಬ್ರು ಸಾಯೋ ಸ್ಥಿತೀಲಿದ್ದಾರೆ ಸ್ವಾಮಿ" ಎಂದ ಸ್ಪ್ರಿಂಗಣ್ಣ, ದನಿ ತಗ್ಗಿಸಿ.

ಗಾರ್ಡು ಎದ್ದು, ವ್ಯಾನಿನೊಳಗೆ ಟಾರ್ಚು ಬಿಟ್ಟು ನೋಡಿದ. ಮಾವ ಕಣ್ಣಿಗೆ ಕೈ ಅಡ್ಡ ಹಿಡಿದರು. ಗಾರ್ಡು ಕೆಟ್ಟವನಲ್ಲ, ಪಾಪ, ಅವನ ಮುಖವೂ ಸಣ್ಣದಾಯಿತು. "ಒಳಗೆ ಸತ್ರೆ ನಾನು ಯಾರಿಗೆ ಉತ್ತರ ಹೇಳ್ಲಿ? ಅದಕ್ಕೂ ಪರ್ಮಿಷನ್ ಬೇಕು. ಆನೆ ಸತ್ರೇನೇ ನನಗೆ ಇಷ್ಟು ರಾದ್ಧಾಂತ ಆಗುತ್ತೆ."

ಅಲ್ಲಿಂದ ಹಿಂದೆ ತಿರುಗುವಾಗ ಹೆಂಡತಿ ಮುಂದಿನ ಸೀಟಿಗೆ ಹೋಗಿ ಕೂತಳು. ಅವಳ ಭುಜ ಅಲುಗುತ್ತಿತ್ತು. ಹಿಂದೆ ಮಾವನ ಪಕ್ಕ ಕೂತ ಸ್ಪ್ರಿಂಗಣ್ಣನಿಗೆ ಎಲ್ಲಿಯಾದರೂ ಹೂತುಹೋಗೋಣ ಅನ್ನಿಸಿತು. ಮಾವ ಅವನ ತೋಳು ಜಗ್ಗಿ, ಮಗಳಿಗೆ ಕೇಳದ ಹಾಗೆ ಹೇಳಿದರು. "ನೀವು ಇಲ್ಲಿ ಒಂದು ರಾತ್ರಿಯೂ ಮಲಗಿಲ್ಲ."

ಸ್ಪ್ರಿಂಗಣ್ಣ ತಲೆ ತಗ್ಗಿಸಿದ.

"ಮೊದಲ್ನೇ ಲಾಡ್ಜಲ್ಲೇ ಗೊತ್ತಾಯ್ತು. ರಾತ್ರಿ ಕಂಡೋನು ಅಷ್ಟೊಂದು ದೀಪ ನೋಡಿ ಬಾಯ್ಬಾಯಿ ಬಿಡಲ್ಲ. ನನ್ನ ಮಗಳಿಗೆ ಹೇಳ್ಬೇಡಿ. ಅವಳು ನಿಮ್ಮನ್ನ ನಂಬಿದ್ದಾಳೆ."

"ಹೂಂ ಮಾವ" ಎಂದ. ಮುಂದಿನ ಸೀಟಿನವಳಿಗೆ ಎಲ್ಲ ಮೊದಲೇ ಗೊತ್ತು ಎಂದು ಅವನು ಹೇಳಲಿಲ್ಲ. ಹೀಗೆ ಮೂವರೂ ಒಬ್ಬರ ಮಾನವನ್ನು ಇನ್ನೊಬ್ಬರಿಂದ ಬಚ್ಚಿಟ್ಟುಕೊಂಡು ಟೆಂಟ್ ಕ್ಯಾಂಪಿಗೆ ಬಂದರು.

*

ಟೆಂಟ್ ಕ್ಯಾಂಪು ಎಂದರೆ ಹುಲ್ಲು ಬಯಲು, ಸಾಲಾಗಿ ಟೆಂಟುಗಳು, ಒಂದು ಕಡೆ ಶಟರ್ ಇರುವ ಊಟದ ಹಾಲು, ನಟ್ಟನಡುವೆ ಒಂದು ಕಬ್ಬಿಣದ ಕಂಬ. ಕಂಬದ ತುದಿಯಲ್ಲಿ ನಾಲ್ಕು ದಿಕ್ಕಿಗೂ ಫ್ಲಡ್‌ಲೈಟು. ಟೆಂಟಿನ ಬಟ್ಟೆ ತೂರಿಕೊಂಡು ಬೆಳಕು ಒಳಗಿನ ದಿಂಬಿನ ಮೇಲೆ ಬೀಳುತ್ತಿತ್ತು. ಸ್ಪ್ರಿಂಗಣ್ಣ ಆ ಕಂಬ ನೋಡಿ ಅಲ್ಲೇ ಕುಸಿದು ಕೂರುವುದೊಂದು ಬಾಕಿ.

ಆದರೆ ಮಾವ ಕಂಬವನ್ನು ಮೇಲಿಂದ ಕೆಳಗೆ ನೋಡಿದರು. ಎದೆಯೆತ್ತರಕ್ಕೆ, ಕ್ಯಾಂಪಿಗೆಲ್ಲ ಕರೆಂಟು ಹೋಗುವ ಡಬ್ಬಿಯ ಮುಚ್ಚಳ ತೆರೆದು ನೇತಾಡುತ್ತಿತ್ತು. ಬಹಳ ದಿನಗಳ ಮೇಲೆ ಅವರ ಮುಖದಲ್ಲಿ ನಗು ಕಂಡಿತು. "ಇಲ್ಲೇ ಇರೋಣ. ಜಾಗ ಚೆನ್ನಾಗಿದೆ."

ಕ್ಯಾಂಪಿನ ಓನರು ದಡೂತಿ ಮನುಷ್ಯ, ಕೊರಳಲ್ಲಿ ಸೀಟಿ. "ದೀಪ ಇರೋವರೆಗೂ ಏನೂ ಭಯ ಇಲ್ಲ ಯಜಮಾನ್ರೇ. ಜನರೇಟರು ರಿಪೇರಿಗೆ ಹೋಗಿದೆ, ಆದ್ರೂ ಕರೆಂಟ್ ಹೋಗೋದೇ ಇಲ್ಲ ಇಲ್ಲಿ."

"ಹೋಗೋದೇ ಇಲ್ವಾ?" ಎಂದರು ಮಾವ, ತುಂಬ ಆಸಕ್ತಿಯಿಂದ.

ಕಂಬದ ಪಕ್ಕದ ಕುರ್ಚಿಯಲ್ಲಿ ಕೂತು ಅನ್ನ, ಸಾರು ಎರಡು ತುತ್ತು ತಿಂದ ಮಾವ ಮಗಳನ್ನು ಬಿಸಿನೀರು ತರಲು ಹಾಲಿಗೆ ಕಳಿಸಿದರು. ಅಳಿಯನಿಗೆ, "ಟೆಂಟಿನ ಹಾಸಿಗೆ ಸರಿಯಾಗಿದೆಯಾ ನೋಡಿ, ನಿಮ್ಮ ಕೆಲಸ" ಎಂದರು. ಸ್ಪ್ರಿಂಗಣ್ಣ ಒಳಗೆ ಹೋಗಿ, ರೂಢಿಯಂತೆ ಮಲಗಿ, ಎಡಕ್ಕೆ ಹೊರಳಿದ. ಬಲಕ್ಕೆ ಹೊರಳುವಷ್ಟರಲ್ಲಿ ಲೋಕವೇ ಆರಿಹೋಯಿತು.

ಕ್ಯಾಂಪಿಗೆ ಕ್ಯಾಂಪೇ ಬೊಬ್ಬೆ ಹಾಕಿತು. ಯಾರೋ ತಟ್ಟೆ ಬಡಿದರು, ಯಾರೋ ಮಕ್ಕಳ ಹೆಸರು ಹಿಡಿದು ಕೂಗಿದರು. ಓನರು ಸೀಟಿ ಊದುತ್ತ, "ಹಾಲ್ ಒಳಗೆ ಬನ್ನಿ! ಎಲ್ಲಾ ಹಾಲ್ ಒಳಗೆ! ಆನೆ ಬರುತ್ತೆ!" ಎಂದು ಅರಚಿದ. ಫೋನಿನ ಬೆಳಕುಗಳು ಎದ್ದು ಬಿದ್ದು ಹಾಲಿನ ಕಡೆ ಓಡಿದವು. ದಡಾರನೆ ಶಟರ್ ಬಿತ್ತು. ಬೆಳಕೆಲ್ಲ ಒಳಗೆ, ಕಾಡೆಲ್ಲ ಹೊರಗೆ.

ಮಾವನನ್ನು ಬಿಟ್ಟರೆ ಹೊರಗೆ ಉಳಿದವನು ಸ್ಪ್ರಿಂಗಣ್ಣ ಒಬ್ಬನೇ. ಧೈರ್ಯದಿಂದಲ್ಲ, ಅಂಥ ತಪ್ಪು ಯಾರೂ ತಿಳಿಯಬಾರದು. ಚಪ್ಪಲಿ ಸಿಗಲಿಲ್ಲ. ಕಣ್ಣೆದುರಿಗೆ ಕೈ ಹಿಡಿದ, ಕೈ ಕಾಣಲಿಲ್ಲ. ತಾನು ವಠಾರದಲ್ಲಿ ಕೊಚ್ಚಿಕೊಂಡಿದ್ದೆಲ್ಲ ಅಕ್ಷರಶಃ ನಡೆಯುತ್ತಿತ್ತು. "ಮಾವಾ! ಮಾವಾ!" ಎಂದು ಅಂಬೆಗಾಲಿಟ್ಟುಕೊಂಡು ಹುಲ್ಲಿನಲ್ಲಿ ತಡಕುತ್ತ ಹೊರಟ.

"ಕಿರುಚಬೇಡ. ಇಲ್ಲಿದ್ದೀನಿ."

ದನಿ ಹಿಡಿದು ಹೋಗಿ ತಡಕಿದರೆ ಮಾವ ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದರು. ಬಲಗೈಗೆ ಒಣ ಟವೆಲು ಸುತ್ತಿತ್ತು. ಮಡಿಲಲ್ಲಿ ಪಿಂಗಾಣಿಯ ಫ್ಯೂಸು. ಎದೆ ತಿದಿಯ ಹಾಗೆ ಏಳುತ್ತಿತ್ತು, ಬೀಳುತ್ತಿತ್ತು. ಫ್ಯೂಸನ್ನು ತಡಕಿ ಅಳಿಯನ ಕೈಗಿಟ್ಟರು.

"ಇಟ್ಕೋ. ಕೂತ್ಕೊಳೋ ಇಲ್ಲಿ. ಮೇಲೆ ನೋಡು."

"ನೀವು" ಹೋಗಿ "ನೀನು" ಆಗಿತ್ತು. ಸ್ಪ್ರಿಂಗಣ್ಣನಿಗೆ ಮೊದಲು ತಟ್ಟಿದ್ದು ಅದೇ. ಆಮೇಲೆ ತಲೆಯೆತ್ತಿದ. ಅದನ್ನು ಹೇಗೆ ಹೇಳುವುದು? ಚುಕ್ಕಿಗಳ ನಡುವೆ ಕಪ್ಪು ಹುಡುಕಬೇಕಾಗಿತ್ತು. ಅಷ್ಟಿದ್ದವು.

"ನಾನು ಒಂದೊಂದು ಕಂಬಕ್ಕೆ ದೀಪ ಹಾಕ್ದಾಗ್ಲೂ ಇವು ಒಂದಿಷ್ಟು ಕಾಣೆಯಾಗ್ತಿದ್ವು" ಎಂದರು ಮಾವ. ಒಂದೊಂದು ಮಾತಿಗೂ ಉಸಿರು ಹುಡುಕಬೇಕಿತ್ತು. "ಎಲ್ಲಾ ನಾನೇ ಆರಿಸ್ಬಿಟ್ಟೆ ಅಂತ ಅನ್ಕೊಂಡಿದ್ದೆ ಕಣೋ. ಎಲ್ಲಾ ಇಲ್ಲೇ ಇದಾವೆ ನೋಡು."

ಶಟರಿನ ಸಂದಿಯಿಂದ ಓನರು ಕೂಗಿದ. "ಹೊರಗೆ ಯಾರದು? ಹಾಸಿಗೆಯವ್ರಾ? ಕಂಬದಲ್ಲಿ ಏನಾಗಿದೆ ನೋಡ್ರೀ!"

"ಫ್ಯೂಸ್ ಬಿದ್ದೋಗಿದೆ!" ಎಂದು ಕೂಗಿದ ಸ್ಪ್ರಿಂಗಣ್ಣ.

"ಹಾಳಾದ ಮಂಗಗಳು ಕಿತ್ತಿರ್ತವೆ! ಹುಡುಕ್ರೀ!"

"ಮಂಗ ಅಂತೆ" ಎಂದರು ಮಾವ. ಅವರಿಗೆ ನಗು ಬಂತು. ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು. ಹಾಗೇ ತಲೆ ಅಳಿಯನ ಭುಜಕ್ಕೆ ವಾಲಿಸಿದರು.

"ಹುಡುಕ್ತಾ ಇದೀನಿ!" ಎಂದು ಸ್ಪ್ರಿಂಗಣ್ಣ ಹಾಲಿನ ಕಡೆಗೆ ಕೂಗಿದ. ಫ್ಯೂಸನ್ನು ಅಂಗಿ ಜೇಬಿಗೆ ಹಾಕಿಕೊಂಡ.

ಅಷ್ಟರಲ್ಲಿ ಅಡುಗೆಮನೆಯ ಹಿಂಬಾಗಿಲಿನಿಂದ ಅವನ ಹೆಂಡತಿ ನುಸುಳಿ ಬಂದಳು. ಗಂಡನ ಕೂಗಿನ ಜಾಡು ಹಿಡಿದು, ಎಡವಿ ಮುಗ್ಗರಿಸಿ, ಅಪ್ಪನ ಇನ್ನೊಂದು ಪಕ್ಕ ಬಂದು ಕೂತು ಅವರ ಕೈ ಹಿಡಿದಳು. "ಬಂದ್ಯಾ ಮಗಳೇ. ಮೇಲೆ ನೋಡು" ಎಂದರು ಮಾವ. ಅವಳು ನೋಡಿದಳು. ಆಮೇಲೆ ಅವರು ಮಾತಾಡಲಿಲ್ಲ. ಉಸಿರು ಮಾತ್ರ ದೊಡ್ಡದಾಗಿ ಕೇಳುತ್ತಿತ್ತು. ಮೆಲ್ಲಗೆ ಸಣ್ಣದಾಯಿತು. ಬಯಲಿನಂಚಿನಲ್ಲಿ ಏನೋ ದೊಡ್ಡದೊಂದು ಪರಪರನೆ ಹುಲ್ಲು ಕೀಳುತ್ತಿತ್ತು. ಬೇರೆ ಹೊತ್ತಾಗಿದ್ದರೆ ಸ್ಪ್ರಿಂಗಣ್ಣ ಎದ್ದುಬಿದ್ದು ಓಡುತ್ತಿದ್ದ. ಭುಜದ ಮೇಲೆ ಮಾವನ ತಲೆಯಿತ್ತು. ಅವನು ಅಲುಗಲಿಲ್ಲ.

ಸ್ವಲ್ಪ ಹೊತ್ತಿಗೆ ಭುಜದ ಮೇಲಿನ ಭಾರ ಬೇರೆಯಾಯಿತು. ಜೀವಮಾನವೆಲ್ಲ ಭಾರ ತೂಗಿ ಹಾಸಿಗೆ ಮಾರಿದವನು, ಮಲಗಿದ ಮೈಗೂ ಒರಗಿದ ಮೈಗೂ ಇದಕ್ಕೂ ಇರುವ ವ್ಯತ್ಯಾಸ ಅವನಿಗೆ ಗೊತ್ತಾಗದೆ ಇರುತ್ತದೆಯೇ? ಕತ್ತಲಲ್ಲಿ ಹೆಂಡತಿಯ ಕಡೆ ಕೈ ಚಾಚಿದ. ಅವಳ ಕೆನ್ನೆ ಒದ್ದೆಯಾಗಿತ್ತು. ಅವಳಿಗೂ ತಿಳಿದಿತ್ತು. ಅವನ ಎದೆಗೆ ತಲೆಯಿಟ್ಟಾಗ ಜೇಬಿನೊಳಗಿನ ಗಟ್ಟಿ ಪಿಂಗಾಣಿ ಅವಳ ಹಣೆಗೆ ತಾಗಿತು. ಮುಟ್ಟಿ ನೋಡಿದಳು. ಅದು ಏನೆಂದು ಲೈನ್‌ಮನ್ ಮಗಳಿಗೆ ಯಾರೂ ಹೇಳಬೇಕಿರಲಿಲ್ಲ.

"ಸಿಕ್ತೇನ್ರೀ?" ಎಂದು ಓನರು ಮತ್ತೆ ಅರಚಿದ. "ಬೇಗ ಹುಡುಕ್ರೀ, ಇಲ್ಲಿ ಮಕ್ಕಳು ಅಳ್ತಾ ಇದಾವೆ!"

ಸ್ಪ್ರಿಂಗಣ್ಣ ಬಾಯಿ ತೆರೆದ. ದನಿ ಹೊರಡಲಿಲ್ಲ. ಇಡೀ ಬದುಕಿನಲ್ಲಿ ಅವನ ನಾಲಿಗೆ ಕೈಕೊಟ್ಟದ್ದು ಅದೊಂದೇ ಸಲ.

"ಹುಡುಕ್ತಾ ಇದೀವಿ!" ಎಂದು ಕೂಗಿದಳು ಅವನ ಹೆಂಡತಿ. ದನಿ ಒಡೆದಿತ್ತು, ಆದರೂ ಹಾಲಿನವರೆಗೆ ಮುಟ್ಟಿತು. "ಇಬ್ರೂ ಹುಡುಕ್ತಾ ಇದೀವಿ!"

ಹೀಗೆ ಒಳಗಿನವರು ಕೇಳಿದಾಗಲೆಲ್ಲ ಹೊರಗಿನವರು ಸರದಿಯಂತೆ ಕೂಗಿದರು. ಒಮ್ಮೆ ಅವನು, ಒಮ್ಮೆ ಅವಳು. ಅಳುತ್ತಲೇ ಕೂಗಿದರು. ಕ್ರಮೇಣ ಒಳಗಿನವರು ಕೇಳುವುದನ್ನು ಬಿಟ್ಟರು. ಮಾವನ ನಾಲ್ಕೂ ಕಡೆ ಒಂದು ದೀಪವೂ ಇಲ್ಲದೆ ರಾತ್ರಿ ಕಳೆಯಿತು.

ಬೆಳಕು ಹರಿದ ಮೇಲೆ ಓನರು ಶಟರ್ ಎತ್ತಿ ಹೊರಗೆ ಬಂದ. ಕಂಬದ ಬುಡದಲ್ಲಿ ಮೂವರು ಸಾಲಾಗಿ ಕೂತಿದ್ದರು. ನಡುವಿನವರ ಮುಖ ಮೇಲಕ್ಕಿತ್ತು. ಅವನು ಸೀಟಿಯನ್ನು ಬಾಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ. ಏನು ಕೇಳಬೇಕೋ ತೋಚದೆ, "ಫ್ಯೂಸು?" ಎಂದ.

"ಸಿಗ್ಲಿಲ್ಲ" ಎಂದಳು ಹೆಂಡತಿ.

*

ಕಾರ್ಯಗಳೆಲ್ಲ ಮುಗಿದ ಮೇಲೊಂದು ಸಂಜೆ ಹೆಡ್‌ಮಾಸ್ಟರು ಬಂದು ಕೂತರು. ಟೀ ಕುಡಿದರು, ಹೋದವರ ಗುಣಗಾನ ಮಾಡಿದರು. ಕೊನೆಗೆ, ಬಂದ ವಿಷಯಕ್ಕೆ ಬಂದರು. "ನಮ್ಮ ಬೀಗರು ಆ ಕಾಡಿಗೆ ಹೋಗ್ತಾರಂತಪ್ಪ. ನೀನು ಎಲ್ಲಾ ಕಡೆ ಮಲಗಿದೋನು. ಯಾವುದು ಚೆನ್ನಾಗಿದೆ ಹೇಳು."

ಬೀದಿ ಕಡೆಯ ಕೋಣೆಯ ಕಿಟಕಿಯಾಚೆ ಬೀದಿದೀಪ ಹತ್ತಿಕೊಂಡಿತು. ಸ್ಪ್ರಿಂಗಣ್ಣ ಅದನ್ನೇ ನೋಡುತ್ತ, "ನಾನು ಅಲ್ಲಿ ಒಂದು ರಾತ್ರಿಯೂ ಮಲಗಿಲ್ಲ ಸರ್" ಎಂದ.

ಹೆಡ್‌ಮಾಸ್ಟರು ಗಹಗಹಿಸಿ ನಕ್ಕರು. "ಇಂಥ ಹೊತ್ತಲ್ಲೂ ನಿನ್ನ ತಮಾಷೆ ಹೋಗ್ಲಿಲ್ಲ ನೋಡು! ಏನಮ್ಮಾ, ನಿನ್ನ ಗಂಡ ಏನು ಹೇಳ್ತಿದ್ದಾನೆ ಕೇಳಿಸ್ತಾ?"

ಒಳಗೆ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು.

"ನಿಜ ಸರ್" ಎಂದಳು ಅವಳು ಅಲ್ಲಿಂದಲೇ. "ಅವರು ಮಲಗ್ಲೇ ಇಲ್ಲ. ಬೆಳಗಿನವರೆಗೂ ಹುಡುಕ್ತಾ ಇದ್ರು."